ಓದಲಾಗದ ಊರಿನಲ್ಲಿ ರನ್‌ಕಾರ್ನ್ ಆಂಟಿ

ಆಂಟಿಯ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಿಗಿಂತ ಉದ್ದವಾಗಿತ್ತು. ಅದರ ಅಂಚಿನಲ್ಲಿ ಅರಿಶಿನದ ಹಳದಿ ಯಾವಾಗಲೂ ಇರುತ್ತಿತ್ತು. ಅಂಗಡಿಯಲ್ಲಿ ಯಾವ ಪೊಟ್ಟಣ ಕೈಗೆ ಬಂದರೂ ಮೊದಲು ಆ ಉಗುರಿನಿಂದ ಮೂಲೆ ಕೆರೆಯುವರು, ಕಿವಿಯ ಹತ್ತಿರ ಅಲ್ಲಾಡಿಸುವರು, ಮೂಸಿ ನೋಡುವರು. ಆಮೇಲೆ ನನ್ನ ಮುಖದ ಮುಂದೆ ಚಾಚುವರು.

"ಓದು. ಜೋರಾಗಿ ಓದು."

"ಆಂಟಿ, ಇದು ಬರೀ ಉಪ್ಪು."

"ಉಪ್ಪು ಅಂತ ಮುಂದುಗಡೆ ಬರ್ದಿದಾರೆ. ಹಿಂದುಗಡೆ ಏನೇನು ಬರ್ದಿದಾರೋ ಅದನ್ನೂ ಓದು."

ಓದುತ್ತಿದ್ದೆ. ಓದುವಾಗ ಅವರು ಪೊಟ್ಟಣ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಕಳ್ಳಿಯನ್ನು ಹಿಡಿಯಲು ಕೂತ ಪೊಲೀಸರ ನೋಟ ಅದು.

ಬ್ರಿಸ್ಬೇನಿನಲ್ಲಿ ಫಾರ್ಮಸಿ ಓದುತ್ತಿದ್ದ ಎರಡು ವರ್ಷ ನಾನು ರನ್‌ಕಾರ್ನ್ ಬಡಾವಣೆಯ ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಪಕ್ಕದ ಕೋಣೆಯಲ್ಲಿ ಹುಬ್ಬಳ್ಳಿಯ ಹುಡುಗಿಯೊಬ್ಬಳು. ಆಂಟಿಯ ಯಜಮಾನರು ಮೈಸೂರಿನ ಎಂಜಿನಿಯರ್, ನಾನು ಬರುವ ಹಿಂದಿನ ವರ್ಷ ತೀರಿಕೊಂಡಿದ್ದರು. ಒಬ್ಬನೇ ಮಗ ಅಡಿಲೇಡಿನಲ್ಲಿ ಕೆಲಸದಲ್ಲಿದ್ದ. ದುಡ್ಡು ಸಾಲದೆ ಆಂಟಿ ಕೋಣೆ ಬಾಡಿಗೆಗೆ ಕೊಟ್ಟರು ಎಂದು ಕೆಲವರು ಹೇಳುತ್ತಿದ್ದರು. ಮನೆಯಲ್ಲಿ ಇದ್ದವರಿಗೆ ಹಾಗೆ ಅನ್ನಿಸುತ್ತಿರಲಿಲ್ಲ. ಬಾಡಿಗೆ ತಡವಾದರೆ ಅವರು ಕೇಳುತ್ತಲೇ ಇರಲಿಲ್ಲ. ಅವರಿಗೆ ಬೇಕಾಗಿದ್ದುದು ಬೇರೇನೋ, ಅದೇನೆಂದು ನಮಗೆ ತಿಳಿಯುತ್ತಿರಲಿಲ್ಲ.

ಅನುಮಾನವೆಂದರೆ ಅಷ್ಟಿಷ್ಟಲ್ಲ. ಒಂದು ಸಲ ಹಾಲಿನ ಕಂಪನಿಯವರು ಕ್ಯಾನಿನ ಮುಚ್ಚಳದ ಬಣ್ಣ ನೀಲಿಯಿಂದ ಹಸಿರಿಗೆ ಬದಲಾಯಿಸಿದರು. ಆಂಟಿ ಮೂರು ದಿನ ಹಾಲು ಕೊಳ್ಳಲಿಲ್ಲ. "ಏನೋ ಮೋಸ ಇದೆ. ಇಲ್ದಿದ್ರೆ ಯಾಕೆ ಬದಲಾಯಿಸ್ತಾರೆ?" ಎಂದರು. ಮನೆಗೆ ಬಂದ ಪ್ರತಿ ಕಾಗದವನ್ನೂ ನನ್ನಿಂದ ಓದಿಸಿ, ಮಡಚಿ, ಅಕ್ಕಿಡಬ್ಬಿಯ ಹಿಂದೆ ಸಿಕ್ಕಿಸುತ್ತಿದ್ದರು. ಮನೆ ಮುಂದಿನ ಮರದ ಕೊಂಬೆ ಕಡಿಯುವ ಬಗ್ಗೆ ಕೌನ್ಸಿಲ್‌ನಿಂದ ಪತ್ರವೊಂದು ಬಂದಾಗ ನಾನು ಓದಿ ಹೇಳಿದೆ. ಸಂಜೆ ಹುಬ್ಬಳ್ಳಿ ಹುಡುಗಿ ಬಟ್ಟೆ ಒಣಹಾಕುತ್ತಾ, "ಕೊಂಬಿ ಕಡೀತಾರಂತಲ್ಲ," ಅಂದಳು.

"ನಿಂಗೆ ಹೇಗೆ ಗೊತ್ತು?"

"ನನ್ ಕಡೇನೂ ಅದ ಪತ್ರ ಓದಿಸ್ಯಾರ ನೋಡು. ದಿನಾ ಎಲ್ಲಾ ಪತ್ರಾನೂ ಹಿಂಗ ಮಾಡ್ತಾರ."

ಎರಡು ವರ್ಷದಿಂದ ನಾನು ಓದಿದ್ದನ್ನೆಲ್ಲ ಇನ್ನೊಬ್ಬರಿಂದ ತಾಳೆ ನೋಡಿಸುತ್ತಿದ್ದರು! ನನಗೆ ಮೈಯೆಲ್ಲ ಉರಿಯಿತು. ಅಡುಗೆಮನೆಗೆ ಹೋಗಿ ಕೂಗಾಡಿಬಿಟ್ಟೆ.

"ನಾನು ಸುಳ್ಳು ಓದ್ತೀನಿ ಅಂತಾನಾ ಆಂಟಿ?"

ಅವರು ಒಲೆ ಸಣ್ಣ ಮಾಡಿ, ತಿರುಗಿ ನಿಂತು, "ಓದಲ್ಲ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?" ಎಂದರು. ಕೋಪವಿರಲಿಲ್ಲ ಆ ದನಿಯಲ್ಲಿ. ಅದೇ ನನಗೆ ಇನ್ನೂ ಕೋಪ ತರಿಸಿತು. ಓದು ಮುಗಿದ ವಾರವೇ ಮನೆ ಬಿಟ್ಟೆ. ಬಾಗಿಲವರೆಗೆ ಬಂದ ಆಂಟಿ ಹುಳಿಪುಡಿಯ ಡಬ್ಬಿ ಕೊಟ್ಟರು. ಬೇಡವೆನ್ನಲು ಬಾಯಿ ಬರಲಿಲ್ಲ, ತೆಗೆದುಕೊಂಡು ಹೋದೆ.

ಪರ್ತಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಸದರ್ನ್ ರಿವರ್ ಬಡಾವಣೆಯಲ್ಲಿ ಮನೆ ಮಾಡಿದೆವು. ಮೋರ್ಲಿಯ ಶಾಪಿಂಗ್ ಸೆಂಟರ್‌ನ ಔಷಧಿ ಅಂಗಡಿಗೆ ದಿನಾ ಹೋಗಿ ಬರುವುದು. ಆರು ವರ್ಷದಲ್ಲಿ ಆಂಟಿಗೆ ಒಂದು ಸಲವೂ ನಾನಾಗಿ ಫೋನ್ ಮಾಡಲಿಲ್ಲ. ಅವರು ಯುಗಾದಿಗೆ, ದೀಪಾವಳಿಗೆ ಮಾಡುತ್ತಿದ್ದರು. ಹಬ್ಬಕ್ಕೆ ಎಲ್ಲರೂ ಮೆಸೇಜ್ ಹಾಕಿ ಕೈತೊಳೆದುಕೊಳ್ಳುವ ಕಾಲದಲ್ಲಿ ಅವರೊಬ್ಬರೇ ಕರೆ ಮಾಡುತ್ತಿದ್ದರು. ನಾನು ಎರಡು ಮಾತಾಡಿ ಇಡುತ್ತಿದ್ದೆ.

ನಾನೂ ನನ್ನ ಗಂಡನೂ ಜಪಾನಿಗೆ ಟಿಕೆಟ್ ಮಾಡಿಸಿದ್ದೆವು. ಹೊರಡಲು ಮೂರು ವಾರವಿದ್ದಾಗ ಅವನ ರಜೆ ರದ್ದಾಯಿತು. ಹುಬ್ಬಳ್ಳಿ ಹುಡುಗಿಯ ಹತ್ತಿರ ಫೋನಿನಲ್ಲಿ ಅದನ್ನೇ ಹೇಳಿಕೊಂಡು ಅತ್ತೆ. ಅವಳು ಹಿಂದಿನ ವರ್ಷ ಅಲ್ಲಿಗೆ ಹೋಗಿಬಂದವಳು. ಮರುದಿನ ಬೆಳಗ್ಗೆ ಆಂಟಿಯ ಫೋನ್.

"ನೀನು ಒಬ್ಬಳೇ ಹೋಗ್ತೀಯಂತೆ. ನಾನೂ ಬರ್ತೀನಿ."

"ನೀವಾ ಆಂಟಿ? ಜಪಾನಿಗಾ?"

"ಯಾಕೆ, ಅರವತ್ತೆಂಟು ವರ್ಷದೋರು ಬರಬಾರ್ದು ಅಂತ ಬೋರ್ಡ್ ಹಾಕಿದಾರಾ?"

ಗಂಡನಿಗೆ ಹೇಳಿದರೆ ಅವನು ನಕ್ಕು, "ಏನೋ ಇದೆ ಕಣೇ. ಸುಮ್ಮನೆ ಬರೋರಲ್ಲ ಅವರು," ಎಂದ. ನನಗೂ ಹಾಗೇ ಅನ್ನಿಸಿತು. ಮಗನಿಗೆ ಹೆಣ್ಣು ಹುಡುಕುತ್ತಿದ್ದಾರೋ, ಪರ್ತಿಗೆ ಬಂದು ನಮ್ಮ ಮನೆಯಲ್ಲಿ ಇರಬೇಕೆಂದಿದ್ದಾರೋ, ಅಥವಾ ನನ್ನಿಂದ ಯಾವುದೋ ಔಷಧಿ ತರಿಸಿಕೊಳ್ಳಬೇಕಾಗಿದೆಯೋ! ಬೇಡವೆನ್ನಲು ನೆಪ ಹುಡುಕಿದೆ. ಸಿಗುವ ಮೊದಲೇ ಅವರು ಟಿಕೆಟ್ ಮಾಡಿಸಿದ್ದರು.

ಟೋಕಿಯೋ ವಿಮಾನ ನಿಲ್ದಾಣದಲ್ಲಿ ಅವರಿಗಾಗಿ ಕಾದು ನಿಂತೆ. ವೀಲ್‌ಚೇರಿನಲ್ಲಿ ಬಂದರು. ಪಾಪ, ಮಂಡಿ ಹೋಗಿದೆ ಅಂದುಕೊಂಡು ಓಡಿಹೋದೆ. ತಳ್ಳುತ್ತಿದ್ದವನು ಅತ್ತ ಹೋದದ್ದೇ ತಡ ಆಂಟಿ ಎದ್ದು, ಸೀರೆಯ ನೆರಿಗೆ ಕೊಡವಿ, ನನಗಿಂತ ಜೋರಾಗಿ ನಡೆಯತೊಡಗಿದರು.

"ಕಾಲು ಚೆನ್ನಾಗೇ ಇದೆಯಲ್ಲ ಆಂಟಿ?"

"ನನ್ನ ಕಾಲಿಗೇನಾಗಿದೆ?"

ಇಷ್ಟು ಸಲೀಸಾಗಿ ನಾಟಕವಾಡುವವರು ನನ್ನ ಮೇಲೆ ಅನುಮಾನ ಪಡುತ್ತಿದ್ದರಲ್ಲ ಎಂದು ಒಳಗೊಳಗೇ ಕುದಿದೆ. ಇನ್ನೂ ಒಂದು ವಿಷಯ ಕಣ್ಣಿಗೆ ಬಿತ್ತು. ಸ್ವೆಟರಿನ ಒಳಗೆ, ಹೆಗಲಿಗೆ ಅಡ್ಡವಾಗಿ ಬಟ್ಟೆಯ ಚೀಲವೊಂದನ್ನು ಹಾಕಿಕೊಂಡಿದ್ದರು. ಅದರಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಫೈಲು. ಸ್ನಾನಕ್ಕೆ ಹೋದರೂ ಅದು ಬಚ್ಚಲಮನೆಯ ಗೂಟದಲ್ಲಿ. ಪಾಸ್‌ಪೋರ್ಟನ್ನು ನನ್ನ ಕೈಗೇ ಕೊಟ್ಟಿದ್ದರು, ಫೈಲನ್ನು ಮಾತ್ರ ಮುಟ್ಟಗೊಡಲಿಲ್ಲ.

ಟೋಕಿಯೋದಲ್ಲಿ ಎರಡು ದಿನ ಕಳೆದು ನಗೋಯಾಕ್ಕೆ ಬಂದೆವು. ಅಲ್ಲಿಂದ ಬೆಳಗಿನ ರೈಲು, ಆಮೇಲೆ ನದಿಯ ಪಕ್ಕದಲ್ಲೇ ಮುಕ್ಕಾಲು ಗಂಟೆ ಬಸ್ಸು. ಹುಬ್ಬಳ್ಳಿ ಹುಡುಗಿ ಹೇಳಿದ್ದ ಊರು ಅದು. ದೊಡ್ಡ ಹೆಸರಿನ ಊರಲ್ಲ, ಹಾಗಾಗಿ ಇಂಗ್ಲಿಷ್ ಬೋರ್ಡುಗಳೂ ಇಲ್ಲ ಎನ್ನುವಷ್ಟು ಕಡಿಮೆ. ಎರಡಂತಸ್ತಿನ ಮರದ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡು ನಿಂತಿದ್ದವು. ಹೊಗೆ ಹಿಡಿದಂಥ ಕಪ್ಪು ಹಲಗೆ, ಕಿಟಕಿಗೆ ಸಣ್ಣ ಸಣ್ಣ ಮರದ ಸರಳು. ಸೂರಿನಡಿ ಪ್ರತಿ ಮನೆಯ ಮುಂದೂ ಬೆಂಕಿ ಆರಿಸಲು ಒಂದೊಂದು ಬಕೆಟ್ಟು ನೇತುಹಾಕಿದ್ದರು. ಬೀದಿಯ ಎರಡೂ ಕಡೆ ಕಲ್ಲಿನ ಕಾಲುವೆ, ಅದರಲ್ಲಿ ಬೆಟ್ಟದ ನೀರು ಸರಸರ ಹರಿಯುತ್ತಿತ್ತು.

ನಾನು ಫೋನಿನ ಮ್ಯಾಪ್ ಹಿಡಿದು ಮುಂದೆ, ಆಂಟಿ ಹಿಂದೆ. ಅವರು ಬೀದಿಯನ್ನು ನೋಡುತ್ತಿದ್ದ ಬಗೆ ಊರು ನೋಡಲು ಬಂದವರದ್ದಾಗಿರಲಿಲ್ಲ. ತಿರುವು ಬಂದಲ್ಲೆಲ್ಲ ನಿಂತು, ಹಿಂತಿರುಗಿ ಬಂದ ದಾರಿಯನ್ನು ಒಮ್ಮೆ ನೋಡುತ್ತಿದ್ದರು. ಯಾರಾದರೂ ಹಿಂಬಾಲಿಸುತ್ತಿದ್ದಾರೆಂದು ಹೆದರಿದವರ ಹಾಗೆ. ನನಗೂ ಒಂದೆರಡು ಸಲ ಹಿಂತಿರುಗಿ ನೋಡುವಂತಾಯಿತು.

ಮೊದಲು ಹೊಕ್ಕದ್ದು ಮರದ ಚಪ್ಪಲಿಯ ಅಂಗಡಿಗೆ. ಹಲಗೆಗಳು ಒಂದು ಕಡೆ, ಬಣ್ಣಬಣ್ಣದ ಬಟ್ಟೆಯ ಪಟ್ಟಿಗಳು ಇನ್ನೊಂದು ಕಡೆ. ಆರಿಸಿ ಕೊಟ್ಟರೆ ಅಂಗಡಿಯಾಕೆ ಅಲ್ಲೇ ಕೂತು ಪಟ್ಟಿ ಪೋಣಿಸಿ, ಸುತ್ತಿಗೆಯಿಂದ ಬಡಿದು ಕಾಲಿಗೆ ಸರಿಮಾಡಿ ಕೊಡುತ್ತಿದ್ದಳು. ಆಂಟಿ ಎರಡು ಹಲಗೆಗಳನ್ನು ಜೋಡಿಸಿ ಹಿಡಿದು, "ಎಡ ಯಾವ್ದು ಬಲ ಯಾವ್ದು? ಎರಡೂ ಒಂದೇ ಥರ ಇದೆ. ಏನೋ ಮೋಸ," ಎಂದರು. ಆಕೆಗೆ ಭಾಷೆ ತಿಳಿಯದಿದ್ದರೂ ದೂರು ತಿಳಿಯಿತು. ನಕ್ಕು, ತನ್ನ ಕಾಲಿನ ಎರಡೂ ಚಪ್ಪಲಿ ಬಿಚ್ಚಿ, ಅದಲುಬದಲು ಮಾಡಿ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ತೋರಿಸಿದಳು. ಇಲ್ಲಿ ಎಡಬಲವೇ ಇಲ್ಲ! ಆಂಟಿ ಕೆಳಗೆ ಕುಕ್ಕರಗಾಲಲ್ಲಿ ಕೂತು ಆಕೆಯ ಕೈ ಕೆಲಸವನ್ನು ಕಣ್ಣು ಮಿಟುಕಿಸದೆ ನೋಡಿದರು. ಕೊನೆಗೆ ನೀಲಿ ಪಟ್ಟಿಯದೊಂದು ಜೊತೆ ಕೊಂಡರು.

ಪಕ್ಕದ ಅಂಗಡಿಯಲ್ಲಿ ದಾಲ್ಚಿನ್ನಿ ವಾಸನೆಯ ಪೆಪ್ಪರಮಿಂಟು. ಅಭ್ಯಾಸದಂತೆ ಪೊಟ್ಟಣ ನನ್ನ ಮುಖದ ಮುಂದೆ ಬಂತು.

"ಓದು."

"ಇದು ಜಪಾನಿ ಆಂಟಿ. ನಂಗೆ ಬರಲ್ಲ."

"ಒಂದಕ್ಷರಾನೂ?"

"ಒಂದೂ ಬರಲ್ಲ."

ಫೋನಿನ ಕ್ಯಾಮೆರಾ ಹಿಡಿದು ನೋಡಿದೆ. ಅದು 'ಹಳೆಯ ಬೆಟ್ಟದ ಉಸಿರು' ಎಂದೇನೋ ಅನುವಾದ ಮಾಡಿತು. ಹೇಳಿದೆ. ಆಂಟಿ ನಕ್ಕರು. ಎರಡು ವರ್ಷ ಒಂದೇ ಸೂರಿನಡಿ ಇದ್ದ ನಾನು ಆ ನಗುವನ್ನು ಕಂಡಿರಲಿಲ್ಲ. ಬೀದಿಗೆ ಬಂದು, ಸಾಲಾಗಿ ತೂಗುತ್ತಿದ್ದ ಬೋರ್ಡುಗಳತ್ತ ಬೆರಳು ತೋರಿಸಿ, "ಅದು? ಅದೂ ಬರಲ್ವಾ? ಇದು?" ಎಂದು ಕೇಳುತ್ತಾ ಬಂದರು. ಪ್ರತಿಯೊಂದಕ್ಕೂ ನಾನು ಬರಲ್ಲ, ಬರಲ್ಲ ಎನ್ನಬೇಕಾಯಿತು. ಅವಮಾನ ಮಾಡಲೆಂದೇ ಕೇಳುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ನೀಲಿ ಬಣ್ಣದಲ್ಲಿ ಅದ್ದಿದ ಬಟ್ಟೆ, ನಾಲ್ಕು ಪುಟ್ಟ ಬಟ್ಟಲು, ಅತ್ತೆಗೊಂದು ಬೀಸಣಿಗೆ ಕೊಂಡೆ. ಸೇತುವೆ ದಾಟಿ, ಮೆಟ್ಟಿಲು ಹತ್ತಿ ದೇವಸ್ಥಾನ ನೋಡಿದೆವು. ಹೋಟೆಲಿನ ನೂಡಲ್ಸ್ ಸಾರಿನಲ್ಲಿ ಮೀನಿದೆಯೋ ಇಲ್ಲವೋ ಎಂದು ಯಾರಿಂದಲೂ ಖಚಿತವಾಗದೆ, ಆಂಟಿ ತಂದಿದ್ದ ಗೊಜ್ಜವಲಕ್ಕಿಯನ್ನೇ ನದಿಯ ದಂಡೆಯಲ್ಲಿ ಕೂತು ತಿಂದೆವು. ವಾಪಸ್ಸು ಹೋಗುವ ಬಸ್ಸು ಮೂರೂವರೆಗೆ. ಅದು ತಪ್ಪಿದರೆ ನಗೋಯಾದ ರೈಲೂ ತಪ್ಪುತ್ತಿತ್ತು.

ಎರಡೂವರೆಯ ಹೊತ್ತಿಗೆ, ಸಣ್ಣ ಓಣಿಯೊಂದರ ಕಾಲುವೆಯಲ್ಲಿ ಕೆಂಪು ಮೀನುಗಳು ಕಂಡವು. ಬಗ್ಗಿ ಫೋಟೋ ತೆಗೆಯಲು ಹೋದೆ. ಫೋನ್ ಕೈಜಾರಿ ನೀರಿಗೆ ಬಿತ್ತು. ಹರಿಯುವ ನೀರು ಅದನ್ನು ಕಲ್ಲಿನ ಕೆಳಗೆ ನೂಕಿತು. ತೋಳು ತೂರಿಸಿ ಹೊರತೆಗೆಯುವಷ್ಟರಲ್ಲಿ ಅದರ ಉಸಿರು ನಿಂತಿತ್ತು.

ಮ್ಯಾಪ್ ಅದರಲ್ಲೇ. ಬಸ್ ನಿಲ್ದಾಣದ ಹೆಸರೂ ಅದರಲ್ಲೇ. ಯಾವ ದಾರಿಯಲ್ಲಿ ಬಂದೆವೆಂದು ನೆನಪು ಮಾಡಿಕೊಂಡರೆ ತಲೆಯಲ್ಲಿ ಬರೀ ಒಂದು ನೀಲಿ ಗೆರೆ. ಎದುರು ಬಂದ ಮುದುಕರೊಬ್ಬರನ್ನು ಇಂಗ್ಲಿಷಿನಲ್ಲಿ ಕೇಳಿದೆ. ಅವರು ತುಂಬಾ ಪ್ರೀತಿಯಿಂದ, ಕೈ ತೋರಿಸುತ್ತಾ, ಎರಡು ನಿಮಿಷ ವಿವರಿಸಿದರು. ತಲೆಬಾಗಿ ವಂದಿಸಿದೆ. ಒಂದು ಮಾತೂ ತಿಳಿದಿರಲಿಲ್ಲ. ಎಡಕ್ಕೆ ಹೋದೆ, ಮನೆಯೊಂದರ ಹಿತ್ತಲು ಬಂತು. ಬಲಕ್ಕೆ ಹೋದೆ, ಮತ್ತೆ ಅದೇ ಓಣಿ. ಬೋರ್ಡುಗಳ ಮೇಲೆಲ್ಲ ಕಣ್ಣಾಡಿಸಿದೆ. ಗೆರೆಗಳು, ಬರೀ ಗೆರೆಗಳು.

ಆಂಟಿ ನನ್ನ ತೋಳು ಹಿಡಿದೆಳೆದರು. "ಸಾಕು. ಬಾ ನನ್ನ ಹಿಂದೆ."

"ನಿಮಗೆ ದಾರಿ ಗೊತ್ತಾ?"

"ಬಂದ ದಾರಿ ತಾನೇ?"

ಅವರು ನಡೆದರು. ಅಂಚು ಒಡೆದ ಹೂಕುಂಡವಿದ್ದ ಮನೆಯ ಹತ್ತಿರ ಬಲಕ್ಕೆ. ಮರ ಕೊಯ್ಯುವ ಸದ್ದು ಕೇಳುವವರೆಗೆ ನೇರ. ಬಿಳಿ ಮೀನಿನ ಚಿತ್ರದ ಪರದೆ ಬಂದಲ್ಲಿ ಎಡಕ್ಕೆ. ಸೇತುವೆಯ ಈಚೆ ತುದಿಯ ಕಂಬದಲ್ಲಿ ಚಕ್ಕೆ ಎದ್ದಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿದರು, ಇದೇ ಸೇತುವೆ ಎಂದರು. ದಾಲ್ಚಿನ್ನಿ ವಾಸನೆ ಬಂತು. ಸುತ್ತಿಗೆಯ ಸದ್ದು ಬಂತು. ಚಪ್ಪಲಿಯಂಗಡಿಯಾಕೆ ಕೈ ಬೀಸಿದಳು. ಒಂದು ಸಲವೂ ಅವರು ತಲೆಯೆತ್ತಿ ಬೋರ್ಡು ನೋಡಲಿಲ್ಲ. ಮೂರು ಗಂಟೆಗೆ ನಾವು ಬಸ್ ನಿಲ್ದಾಣದ ತಗಡಿನ ಸೂರಿನಡಿ ಇದ್ದೆವು.

ಬೆಂಚಿನಲ್ಲಿ ಕೂತು ಉಸಿರು ಬಿಟ್ಟೆ. ಎದುರು ಅವರು ಕೂತಿದ್ದರು, ನೀಲಿ ಫೈಲು ಎದೆಗೊತ್ತಿಕೊಂಡು. ಆಗ ತಟ್ಟನೆ ಎಲ್ಲ ಒಂದರ ಮೇಲೊಂದು ನೆನಪಾಯಿತು. ಉಪ್ಪಿನ ಪೊಟ್ಟಣ, ಹಾಲಿನ ಮುಚ್ಚಳ, ಕೌನ್ಸಿಲಿನ ಪತ್ರ, ಮೆಸೇಜ್ ಬಿಟ್ಟು ಫೋನ್ ಮಾಡುತ್ತಿದ್ದುದು. ಕೇಳಲೋ ಬೇಡವೋ ಎಂದು ಹಿಂಜರಿದೆ.

"ಆಂಟಿ... ನಿಮಗೆ ಓದಕ್ಕೆ ಬರಲ್ವಾ?"

ಅವರು ರಸ್ತೆಯ ಆ ತುದಿ ಈ ತುದಿ ನೋಡಿದರು. ಯಾರೂ ಇರಲಿಲ್ಲ.

"ಅಂಕಿ ಬರುತ್ತೆ," ಎಂದರು. "ಅಕ್ಷರ ಬರಲ್ಲ. ಇಂಗ್ಲಿಷೂ ಇಲ್ಲ, ಕನ್ನಡಾನೂ ಇಲ್ಲ."

"ಸ್ಕೂಲಿಗೆ ಹೋಗಿಲ್ವಾ?"

"ಏಳು ವರ್ಷ ಹೋದೆ. ಪುಸ್ತಕ ತೆಗೆದ್ರೆ ಅಕ್ಷರ ಒಂದ್ಕಡೆ ನಿಲ್ತಾನೇ ಇರ್ಲಿಲ್ಲ ಕಣೇ. ಮೇಷ್ಟ್ರು ಓದಿದ್ದನ್ನ ಬಾಯಿಪಾಠ ಮಾಡ್ಕೊಂಡು ಒಪ್ಪಿಸ್ತಿದ್ದೆ. ಗೊತ್ತಾದಾಗ ಏಟು ಬಿತ್ತು. ಮಿಕ್ಕೋರೆಲ್ಲ ನನ್ನ ಸೋಮಾರಿ ಅಂದ್ಕೊಂಡ್ರು. ಯಜಮಾನ್ರಿಗೆ ಮದುವೆಯಾದ ತಿಂಗಳಲ್ಲೇ ಗೊತ್ತಾಯ್ತು. ಅವ್ರು ಯಾರಿಗೂ ಹೇಳ್ಲಿಲ್ಲ. ದಿನಾ ಪೇಪರ್ ಓದಿ ಹೇಳೋರು, ಫಾರಂ ಎಲ್ಲಾ ಅವ್ರೇ ತುಂಬೋರು. ಸಹಿ ಹಾಕೋದು ಕಲಿಸಿದ್ರು, ರಂಗೋಲಿ ಕಲಿಸೋ ಹಂಗೆ."

ವೀಲ್‌ಚೇರಿನ ವಿಷಯವನ್ನೂ ಅವರೇ ಹೇಳಿದರು. ಅದರಲ್ಲಿ ಕೂತರೆ ಗೇಟಿನವರೆಗೆ ಯಾರೋ ಕರೆದೊಯ್ಯುತ್ತಾರೆ, ಫಾರಂ ತುಂಬಿಕೊಡುತ್ತಾರೆ, ಏನೂ ಕೇಳುವುದಿಲ್ಲ.

"ಅಲ್ಲಾ ಆಂಟಿ, ನಂಗೆ ಹೇಳಬಹುದಿತ್ತಲ್ಲ? ಇಬ್ಬಿಬ್ಬರ ಹತ್ತಿರ ಓದಿಸಿ..."

"ಯಜಮಾನ್ರು ಹೋದ ಹೊಸದ್ರಲ್ಲಿ ನಮ್ಮೋರೇ ಒಬ್ಬರು ಕಾಗದ ಓದಿ ಹೇಳಿದ್ರು. ಅದರಲ್ಲಿ ಇದ್ದಿದ್ದೇ ಬೇರೆ. ಆಮೇಲೆ ಯಾರನ್ನ ನಂಬಲಿ? ನಿಂಗೆ ಕಾಗದ ಕಾಣುತ್ತೆ. ನಂಗೆ ನಿನ್ನ ಮುಖ ಮಾತ್ರ ಕಾಣುತ್ತೆ." ಫೈಲಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಮುಂದುವರಿಸಿದರು. "ಹೋದ ವರ್ಷ ಆ ಹುಬ್ಬಳ್ಳಿ ಹುಡುಗಿ ಇಲ್ಲಿಂದ ಬಂದು, ಅಲ್ಲಿ ಒಂದು ಬೋರ್ಡೂ ಓದಕ್ಕಾಗಲ್ಲ ಆಂಟಿ ಅಂದ್ಲು. ನಿಮಗೂ ಓದಕ್ಕೆ ಬರದೇ ಇರೋ ಊರು ಒಂದಿದೆಯಾ, ನೋಡಬೇಕಲ್ಲ ಅನ್ನಿಸ್ತು."

ಆಮೇಲೆ ಫೈಲು ಬಿಚ್ಚಿದರು.

"ಇದನ್ನ ಓದು. ಎಂಟು ತಿಂಗಳಾಯ್ತು, ಮಗ ಕೊಟ್ಟು ಹೋಗಿದ್ದಾನೆ. ಓದಿ ಸಹಿ ಮಾಡಿ ಅಮ್ಮ, ನಿಧಾನಕ್ಕೆ ಮಾಡಿ ಅಂದ. ಮನೆ ಬರೆಸಿಕೊಳ್ತಿದ್ದಾನೆ ಅಂತ ಕಾಣುತ್ತೆ."

"ಅಲ್ಲೇ ಯಾರ ಹತ್ತಿರಾನಾದ್ರೂ ಓದಿಸಬಹುದಿತ್ತಲ್ಲ?"

"ಅಂಥದ್ದೇ ಆಗಿದ್ರೆ? ಸಂಜೆ ಹೊತ್ತಿಗೆ ಬ್ರಿಸ್ಬೇನಿನ ಕನ್ನಡದೋರಿಗೆಲ್ಲ ಗೊತ್ತಾಗಿರೋದು. ಅವನ ಮರ್ಯಾದೆ ಏನಾಗ್ಬೇಕು? ನೀನು ದೂರ ಇರೋಳು. ಮತ್ತೆ ನೀನೊಬ್ಬಳೇ ನನ್ನ ಮೇಲೆ ಕೂಗಾಡಿದ್ದು. ನಯವಾಗಿ ಮಾತಾಡೋರನ್ನ ಕಂಡ್ರೆ ನಂಗೆ ಭಯ."

ಮಗನ ಮೇಲೆ ಅಷ್ಟು ಅನುಮಾನ, ಅವನ ಮರ್ಯಾದೆಯ ಮೇಲೆ ಅಷ್ಟು ಕಾಳಜಿ. ನನಗೂ ಒಳಗೆ ಅಳುಕಿತ್ತು. ಅವರು ಹೇಳಿದ್ದೇ ನಿಜವಾಗಿದ್ದರೆ ಈ ಪರದೇಶದ ಬಸ್ ನಿಲ್ದಾಣದಲ್ಲಿ ಅದನ್ನು ಯಾವ ಬಾಯಿಂದ ಓದುವುದು?

ಓದಿದೆ. ಅದು ಮನೆಯ ಕಾಗದವಾಗಿರಲಿಲ್ಲ. ಮುಂದೆಂದಾದರೂ ಕಾಯಿಲೆ ಬಿದ್ದು, ತನಗೇನು ಬೇಕೆಂದು ಹೇಳಲಾಗದ ಸ್ಥಿತಿ ಬಂದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಆಯಾ ವ್ಯಕ್ತಿಯೇ ಬರೆದಿಡುವ ಫಾರಂ. ಪ್ರಶ್ನೆಗಳು, ಕೆಳಗೆ ಖಾಲಿ ಜಾಗ. ಮೂರನೆಯ ಹಾಳೆಗೆ ಹಳದಿ ಚೀಟಿಯೊಂದು ಅಂಟಿತ್ತು.

"ಅಲ್ಲೇ ಸಹಿ ಹಾಕ್ಬೇಕಾ?" ಎಂದರು.

ಅದು ಸಹಿಯ ಗುರುತಾಗಿರಲಿಲ್ಲ. ಮಗ ಕನ್ನಡದಲ್ಲಿ ಬರೆದ ಚೀಟಿ. ಬ್ರಿಸ್ಬೇನಿನಲ್ಲೇ ಹುಟ್ಟಿ ಬೆಳೆದವನು, ರಜೆಗೆ ಮನೆಗೆ ಬಂದಾಗ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದವನು. ಅಕ್ಷರಗಳು ಒಂದೊಂದೂ ಒಂದೊಂದು ಗಾತ್ರ, ಒತ್ತುಗಳು ತಪ್ಪು. ಎಲ್ಲಿ ಕಲಿತನೋ! "ಅಮ್ಮ, ಇದು ನಿಮ್ಮ ಇಷ್ಟ. ನಿಮಗೆ ಏನು ಬೇಕೋ ನೀವೇ ಬರೀರಿ. ನಾನು ಕೇಳಿದ್ದು ತಪ್ಪು ಅನ್ನಿಸಿದರೆ ಹರಿದು ಹಾಕಿ. ಕೋಪ ಬೇಡ," ಎಂದಿತ್ತು. ಜೋರಾಗಿ ಓದಿ ಹೇಳಿದೆ.

ಆಂಟಿ ನನ್ನ ಮುಖವನ್ನೇ ನೋಡುತ್ತಿದ್ದರು. "ಕನ್ನಡದಲ್ಲಿ ಬರ್ದಿದಾನಾ? ನೀನು ಸೇರಿಸಿ ಹೇಳ್ತಿಲ್ಲ ತಾನೇ?"

"ಇಲ್ಲ ಆಂಟಿ."

"ಇನ್ನೊಂದ್ಸಲ ಓದು."

ಮೂರು ಸಲ ಓದಿದೆ. ಮೂರನೆಯ ಸಲಕ್ಕೆ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಎಂಟು ತಿಂಗಳು ಅವನ ಜೊತೆ ಸರಿಯಾಗಿ ಮಾತೇ ಆಡ್ಲಿಲ್ಲ ಕಣೇ," ಎಂದರು. ಬಸ್ಸು ಬಂತು. ಹತ್ತಿ ಕೂತೆವು. ದಾರಿಯುದ್ದಕ್ಕೂ ನದಿಯ ಕಡೆ ಮುಖ ಮಾಡಿಕೊಂಡಿದ್ದರು.

ಮರುದಿನ ಟೋಕಿಯೋಕ್ಕೆ ಹೋಗುವ ರೈಲಿನಲ್ಲಿ ಫಾರಂ ತುಂಬಿದೆವು. ಅವರು ಹೇಳಿದರು, ನಾನು ಇಂಗ್ಲಿಷಿನಲ್ಲಿ ಬರೆದೆ. "ನನ್ನ ಬುದ್ಧಿ ಸರಿ ಇರೋವರೆಗೆ ನನ್ನನ್ನೇ ಕೇಳ್ಬೇಕು. ಬುದ್ಧಿ ಹೋಯ್ತು ಅಂದ್ಮೇಲೆ ಮಷಿನ್ ಹಾಕಿ ಇಟ್ಕೋಬೇಡಿ." ಬರೆದದ್ದನ್ನು ಓದಿ ಹೇಳಿದೆ. ತಲೆಯಾಡಿಸಿ, ರಂಗೋಲಿಯಂತೆ ನಿಧಾನವಾಗಿ ಸಹಿ ಮಾಡಿದರು. ಸಾಕ್ಷಿಯ ಸಹಿಯನ್ನು ಬ್ರಿಸ್ಬೇನಿಗೆ ಹೋದ ಮೇಲೆ ಮಾಡಿಸುವುದೆಂದಾಯಿತು. ಕೊನೆಗೆ ನನ್ನ ಕೈ ಹಿಡಿದರು.

"ಮಗನಿಗೆ ಮಾತ್ರ ಗೊತ್ತಾಗಬಾರ್ದು. ಚಿಕ್ಕವನಿದ್ದಾಗ ಅವನ ಹೋಮ್‌ವರ್ಕ್ ನಾನೇ ನೋಡ್ತಿದ್ದೆ. ಅವನ ಮುಖ ನೋಡಿ ಸರಿನೋ ತಪ್ಪೋ ಅಂತ ಟಿಕ್ ಹಾಕ್ತಿದ್ದೆ. ಆಣೆ ಮಾಡು."

ಆಣೆ ಮಾಡಿದೆ.

ಎರಡು ವರ್ಷ ಕಳೆಯಿತು. ಆಂಟಿ ಮಗನ ಮನೆಗೆಂದು ಅಡಿಲೇಡಿಗೆ ಹೋಗಿದ್ದಾಗ ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಸೇರಿದರು. ಸುದ್ದಿ ಹುಬ್ಬಳ್ಳಿ ಹುಡುಗಿಯಿಂದ ತಿಳಿದಿತ್ತು. ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದಾಗ ಮಗನ ಫೋನ್ ಬಂತು. ಅವನ ದನಿ ಗಟ್ಟಿಯಾಗಿತ್ತು.

"ಅಕ್ಕಾ, ಅಮ್ಮನ ಫಾರಂ ನನ್ನ ಕೈಯಲ್ಲಿದೆ. ಬರೆದುಕೊಟ್ಟೋರು ಅಂತ ಕೆಳಗೆ ನಿಮ್ಮ ಹೆಸರಿದೆ. ಯಾಕೆ?"

"ಆಂಟಿ ಹೇಳಿದ್ರು, ನಾನು ಬರೆದೆ."

"ಅದೇ ಯಾಕೆ? ಅಮ್ಮ ಯಾಕೆ ತಾವೇ ಬರೀಲಿಲ್ಲ? ಇದು ಅಮ್ಮನ ಮಾತಾ, ನಿಮ್ಮದಾ? ಐ ನೀಡ್ ಟು ನೋ."

ಏನಾಗಿದೆ ಎಂದು ಕೇಳಿದೆ. ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಹೇಳಿದ. ಉಸಿರಾಟಕ್ಕೆ ಗಂಟಲಿಗೆ ಕೊಳವೆ ಹಾಕಿದ್ದಾರೆ, ಮಾತಾಡಲು ಆಗುವುದಿಲ್ಲ. ಎಚ್ಚರವಿದೆ. ಬೆರಳಿಟ್ಟು ತೋರಿಸಲೆಂದು ಅಕ್ಷರಗಳ ಹಲಗೆ ಕೊಟ್ಟರೆ ತಳ್ಳಿಬಿಟ್ಟರು. ಇಂಗ್ಲಿಷ್ ಬೇಡವೇನೋ ಎಂದು ಅವನೇ ಕನ್ನಡದ ಅಕ್ಷರ ಬರೆದು ತಂದ. ಅದನ್ನೂ ತಳ್ಳಿ ಕಣ್ಣು ಮುಚ್ಚಿಕೊಂಡರು. ಆಮೇಲೆ ಯಾರು ಏನು ಕೇಳಿದರೂ ಕಣ್ಣು ತೆರೆಯುತ್ತಿಲ್ಲ. ತಿಳುವಳಿಕೆ ಉಳಿದಿಲ್ಲವೆಂದು ಕಾಣುತ್ತದೆ, ಅವರ ಫಾರಂ ಏನು ಹೇಳುತ್ತದೋ ಅದರಂತೆ ಮಷಿನ್ ತೆಗೆಯುವ ಬಗ್ಗೆ ನಾಳೆ ಮಾತಾಡೋಣ ಎಂದು ಡಾಕ್ಟರು ಹೇಳಿದ್ದಾರೆ.

ಫೋನ್ ಹಿಡಿದು ಔಷಧಿಯ ಕಪಾಟಿನ ಹಿಂದೆ ಹೋದೆ. ಒಂದೆರಡು ಕ್ಷಣ ಆಣೆಯ ನೆನಪಾಯಿತು, ಅಷ್ಟೇ.

"ಅವರ ಬುದ್ಧಿ ಸರಿಯಾಗೇ ಇದೆ," ಎಂದೆ. "ಅಮ್ಮನಿಗೆ ಓದಕ್ಕೆ ಬರಲ್ಲ ಕಣೋ. ಯಾವತ್ತೂ ಬಂದಿಲ್ಲ. ನಾಚಿಕೆಗೆ ಕಣ್ಣು ಮುಚ್ಕೊಂಡಿದಾರೆ. ಹಲಗೆ ಎಲ್ಲಾ ತೆಗೆಸಿಬಿಡು. ಎಲ್ಲರನ್ನೂ ಆಚೆ ಕಳಿಸಿ, ನೀನೊಬ್ಬನೇ ಕೂತ್ಕೊಂಡು ಬಾಯಲ್ಲಿ ಕೇಳು. ಕನ್ನಡದಲ್ಲಿ ಕೇಳು."

ಅವನು ಸಣ್ಣ ದನಿಯಲ್ಲಿ, "ಹೋಮ್‌ವರ್ಕ್..." ಎಂದ. ಅಷ್ಟಕ್ಕೇ ಫೋನ್ ಇಟ್ಟ.

ಸಂಜೆ ಮತ್ತೆ ಮಾಡಿದ. ಅಳುತ್ತಿದ್ದ. ಎಲ್ಲರನ್ನೂ ಹೊರಗೆ ಕಳಿಸಿ, ಅಮ್ಮಾ, ನಂಗೆ ಗೊತ್ತಾಯ್ತು, ಪರವಾಗಿಲ್ಲ ಎಂದನಂತೆ. ಆಂಟಿಯ ಮುಚ್ಚಿದ ಕಣ್ಣಿನಿಂದ ನೀರು ಹರಿಯಿತಂತೆ. ಇನ್ನೂ ಟ್ರೀಟ್‌ಮೆಂಟ್ ಬೇಕಾ ಅಮ್ಮ ಎಂದು ಕೇಳಿದ್ದಕ್ಕೆ ಅವನ ಕೈಯನ್ನು ಒತ್ತಿ ಹಿಡಿದರಂತೆ. ಹನ್ನೆರಡು ದಿನಕ್ಕೆ ಕೊಳವೆ ತೆಗೆದರು. ತಿಂಗಳ ಮೇಲೆ ಮಗನ ಮನೆಗೆ ಬಂದರು.

ನೋಡಲು ಅಡಿಲೇಡಿಗೆ ಹೋದೆ. ಹಿತ್ತಲಿನ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅರ್ಧದಷ್ಟಾಗಿದ್ದರು. ದನಿ ಗೊಗ್ಗರು. ಮಗ ಒಳಗೆ ಹೋಗುವವರೆಗೆ ಮಾತಾಡಲಿಲ್ಲ.

"ಹೇಳಿಬಿಟ್ಟೆ ಅಲ್ವಾ?"

"ಹೇಳಿದೆ ಆಂಟಿ. ಹೇಳದೇ ಇದ್ದಿದ್ರೆ..."

"ಗೊತ್ತು. ನನ್ನ ಜೀವ ಉಳಿಸಿದೆ ಅಂತ ಅವನು ದಿನಾ ಹೇಳ್ತಾನೆ." ಕೈಯನ್ನು ಮೇಲೆತ್ತಿ, ಮತ್ತೆ ಮಡಿಲಲ್ಲಿಟ್ಟುಕೊಂಡರು. "ಜನ್ಮದಲ್ಲಿ ಒಬ್ಬಳನ್ನ ನಂಬಿದ್ದೆ. ಯಜಮಾನ್ರನ್ನ ಬಿಟ್ರೆ ನಿನ್ನ ಒಬ್ಬಳನ್ನ. ಜೀವ ಉಳಿಸಿದ್ದು ಬೇರೆ, ಇದು ಬೇರೆ."

ಊಟಕ್ಕೆ ಏಳು ಎಂದರು. ಬಡಿಸಿದ್ದನ್ನೆಲ್ಲ ತಿಂದೆ. ಹೊರಟಾಗ ನಮಸ್ಕಾರ ಮಾಡಿದೆ. ತಲೆ ಮುಟ್ಟಿ ಆಶೀರ್ವಾದ ಮಾಡಿದರು, ಮತ್ತೆ ಬಾ ಎನ್ನಲಿಲ್ಲ. ಆಮೇಲಿನ ಯುಗಾದಿಗೆ ಅವರ ಫೋನ್ ಬರಲಿಲ್ಲ. ನಾನೇ ಮಾಡಿದೆ. ಚೆನ್ನಾಗಿದ್ದೀನಿ ಎಂದು ಹೇಳಿ ಮಗನ ಕೈಗೆ ಕೊಟ್ಟರು.

ಆಸ್ಪತ್ರೆಯಿಂದ ಬಂದ ಮೇಲೆ ಎಂಟು ತಿಂಗಳು ಬದುಕಿದ್ದರು. ನಿದ್ದೆಯಲ್ಲೇ ಹೋದರು. ಅಂತ್ಯಕ್ರಿಯೆ ಮುಗಿದ ಮೇಲೆ ಮಗ ನನ್ನನ್ನು ಏರ್‌ಪೋರ್ಟಿಗೆ ಬಿಡಲು ಬಂದ. ಪ್ರತಿ ಭಾನುವಾರ ಅಪ್ಪ ಬರೆದಿಟ್ಟ ಹಳೆಯ ಡೈರಿಗಳನ್ನು ಅಮ್ಮನಿಗೆ ಓದುತ್ತಿದ್ದೆ, ನನ್ನ ಉಚ್ಚಾರಣೆ ಕೇಳಿ ಬಿದ್ದು ಬಿದ್ದು ನಗುತ್ತಿದ್ದರು ಎಂದ. ಎಂಟು ತಿಂಗಳು ನೀವು ಕೊಟ್ಟಿದ್ದು ಅಕ್ಕಾ ಎಂದ.

ಇರಬಹುದು. ಇನ್ನೊಮ್ಮೆ ಅಂಥ ಫೋನ್ ಬಂದರೆ ನಾನು ಅದನ್ನೇ ಹೇಳುತ್ತೇನೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೂ ಮೋರ್ಲಿಯ ಅಂಗಡಿಯಲ್ಲಿ ಯಾರಾದರೂ ಔಷಧಿಯ ಚೀಟಿ ಚಾಚಿ, "ಕನ್ನಡಕ ಮರೆತು ಬಂದಿದ್ದೇನೆ," ಎಂದಾಗ ನಾನು ಕೌಂಟರಿನಿಂದ ಆಚೆ ಬರುತ್ತೇನೆ. ಬೇರೆ ಗಿರಾಕಿಗಳಿಗೆ ಕೇಳಿಸದ ಹಾಗೆ ಮೂಲೆಗೆ ಕರೆದು, ಬೆಳಗಿನ ಮಾತ್ರೆ ಯಾವುದು, ಸಂಜೆಯದು ಯಾವುದು ಎಂದು ಬಾಯಲ್ಲಿ ಹೇಳುತ್ತೇನೆ. ಅವರ ಜೇಬಿನಿಂದ ಕನ್ನಡಕ ಇಣುಕುತ್ತಿದ್ದರೂ ಅದನ್ನು ನೋಡಲು ಹೋಗುವುದಿಲ್ಲ.